ಮನೆಯ ಆರೋಗ್ಯ: ಊರಿನಿಂದ ಬಂದ ಹಿರಿಯರೂ ರಕ್ತದ ಒತ್ತಡವೂ

ಊರಿನಿಂದ ಹಿರಿಯರು ಮುಂಬಯಿಗೋ ಪುಣೆಗೋ ಮಕ್ಕಳ ಮನೆಗೆ ಬಂದಿಳಿದರೆ ಚೀಲದಿಂದ ಮೊದಲು ಹೊರಬರುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ರಕ್ತದ ಒತ್ತಡದ ಗುಳಿಗೆಗಳು ಹೊರಬರುವುದು ನಾವು ಕೇಳಿದಾಗ ಮಾತ್ರ. ಅವೂ ಎಷ್ಟೋ ದಿನದಿಂದ ಮುಟ್ಟದವು. “ತಲೆನೋವಿಲ್ಲ, ತಲೆಸುತ್ತಿಲ್ಲ, ಸುಮ್ಮನೆ ಏಕೆ ನುಂಗಲಿ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಅಪಾಯವಿರುವುದು ಈ ಉತ್ತರದಲ್ಲಿಯೇ. ಒತ್ತಡ ಏರಿದ್ದು ಬಹುಮಂದಿಗೆ ತಿಳಿಯುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ, ಒಳಗೆ ಮಾತ್ರ ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ಮೊದಲ ಸೂಚನೆಯೇ ಪಾರ್ಶ್ವವಾಯುವಾಗಿ ಬಂದರೂ ಬರಬಹುದು. ಗುಳಿಗೆಯು ಒತ್ತಡವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಬಿರುಸಾಗಿ ಮೇಲಿನ ಅಂಕೆಯೊಂದೇ ಏರುವುದುಂಟು. ಆದ್ದರಿಂದ 160/80 ಬಂದಾಗ “ಕೆಳಗಿನದು ಸರಿಯಿದೆಯಲ್ಲ” ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಮೂರು ಮಹಡಿ ಹತ್ತಿ ಬಂದ ಕೂಡಲೆ ಬೇಡ, ಕಾಫಿ ಕುಡಿದ ಅರ್ಧ ಗಂಟೆಯೊಳಗೂ ಬೇಡ. ಬೆನ್ನು ಒರಗಿಸಿ, ಮಾತಿಲ್ಲದೆ 5 ನಿಮಿಷ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಯಬೇಕು. (ಮಾತಿಲ್ಲದೆ ಎಂಬುದೇ ನಮ್ಮವರಿಗೆ ಕಠಿಣ!)

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನದ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು. ಎಂದರೆ ಒಂದು ಚಹಾ ಚಮಚೆಯೊಳಗೆ, ಸಾರು ಹುಳಿಗಳಲ್ಲಿರುವುದೂ ಸೇರಿ. ಹಾಗೆಂದು ಭರಣಿಯನ್ನು ಅಟ್ಟಕ್ಕೇರಿಸಿ ಹಿರಿಯರ ಮನ ನೋಯಿಸಿರೆಂದು ನಾವು ಹೇಳೆವು. ಹಪ್ಪಳ ಕರಿದ ದಿನ ಉಪ್ಪಿನಕಾಯಿ ಬೇಡ. ಮಜ್ಜಿಗೆಗೆ ಉಪ್ಪು ಎಂದೂ ಬೇಡ. ಮೊಣಕಾಲಿಗೆಂದು ಅಂಗಡಿಯಿಂದ ತಂದು ನುಂಗುವ ಕೆಲವು ನೋವಿನ ಗುಳಿಗೆಗಳೂ, ಕೆಮ್ಮಿಗೆಂದು ದಿನಗಟ್ಟಲೆ ಅಗಿಯುವ ಜ್ಯೇಷ್ಠಮಧುವೂ ಒತ್ತಡವನ್ನು ಏರಿಸಬಲ್ಲವು. ಇದನ್ನು ಯಾರೂ ವೈದ್ಯರಿಗೆ ಹೇಳುವುದಿಲ್ಲ.

ಗುಳಿಗೆ ನುಂಗುವ ಕೆಲವರಿಗೆ, ರಾತ್ರಿ ಥಟ್ಟನೆ ಎದ್ದರೆ ಒತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಹೀಗೆಯೇ. ಹಾಸಿಗೆಯಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳಲಿ. ವೈದ್ಯರಿಗೆ ತಿಳಿಸಿದರೆ ನಿಲ್ಲಿಸಿಯೂ ಒತ್ತಡ ನೋಡಿ, ಔಷಧದ ಪ್ರಮಾಣವನ್ನು ಅವರೇ ತಿದ್ದುತ್ತಾರೆ. ಗುಳಿಗೆಯನ್ನು ನಾವೇ ಬಿಡುವುದು ಸರಿಯಲ್ಲ.

ಇಲ್ಲಿಯ ವೈದ್ಯರಿಗೆ ಕನ್ನಡ ಬಾರದು, ಅಜ್ಜಿಗೆ ಮರಾಠಿ ಬಾರದು. ಏನು ಕೇಳಿದರೂ ಅವರು “ಹಾಂ, ಹಾಂ” ಎಂದು ತಲೆಯಾಡಿಸಿ ಬರುತ್ತಾರೆ. ಮಗನೋ ಸೊಸೆಯೋ ಜತೆಗೆ ಹೋಗಲಿ. ಊರಿನ ವೈದ್ಯರ ಚೀಟಿಯೂ, ಉಳಿದ ಗುಳಿಗೆಗಳೂ ಕೈಯಲ್ಲಿರಲಿ.