ಆಟದ ಬೀಗ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಮ್ಮ ಅಟ್ಟದಿಂದ ಎರಡು ರಟ್ಟಿನ ಡಬ್ಬ ಇಳಿಸಿ, "ಬೇಕಾದ್ದು ಎತ್ತಿಟ್ಕೋ, ಮಿಕ್ಕಿದ್ದು ಗುಜರಿಗೆ" ಅಂದರು. ಹಳೇ ನೋಟ್ ಬುಕ್ಕು, ಬಾಲ ಕಿತ್ತ ಮೌಸು, ಒಣಗಿದ ಸ್ಕೆಚ್ ಪೆನ್ನುಗಳ ನಡುವೆ ಒಂದು ಕಂಪ್ಯೂಟರ್ ಗೇಮಿನ ಒರಿಜಿನಲ್ ಡಬ್ಬಿ ಸಿಕ್ಕಿತು. 2009ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟದ್ದು. ಕಾರ್ ರೇಸಿನ ಆಟ. ಹೆಸರು ಬೇಡ ಬಿಡಿ. ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು: 999 ರೂಪಾಯಿ.

ಅದೇ ಆಟ ನನ್ನ ಹತ್ತಿರ ಅದಕ್ಕೂ ಮೊದಲೇ ಇತ್ತು. ನಮ್ಮ ಬೀದಿಯ ಸೈಬರ್ ಸೆಂಟರಿನ ಅಣ್ಣ 40 ರೂಪಾಯಿಗೆ ಬರೆದುಕೊಟ್ಟ ಸಿಡಿ. ನಾನು ಅದನ್ನು ಆಡುತ್ತಿದ್ದದ್ದನ್ನು ನೋಡಿ ಮಾವ ಬೈಯಲಿಲ್ಲ. "ಇದನ್ನ ಮಾಡಿದವರಿಗೂ ಮನೆ ಮಠ ಇರುತ್ತೆ ಕಣೋ" ಅಂದು, ಮುಂದಿನ ಸಲ ಬಂದಾಗ ಒರಿಜಿನಲ್ ಡಬ್ಬಿ ಕೈಗಿಟ್ಟರು. ಅಷ್ಟು ದುಡ್ಡು ಆಟಕ್ಕೆ ಸುರಿದದ್ದಕ್ಕೆ ಅಮ್ಮ ಒಂದು ವಾರ ಮಾವನಿಗೆ ಬೈದಿದ್ದರು, ಅದು ಬೇರೆ ಮಾತು.

ಡಬ್ಬಿ ನೋಡಿದ್ದೇ ತಡ, ಅಕ್ಕನ ಮಗ "ಮಾಮ, ಆಡೋಣ" ಅಂತ ಹಠ ಹಿಡಿದ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಎಲ್ಲಿದೆ? ಪಕ್ಕದ ಮನೆಯವರ ಯುಎಸ್‌ಬಿ ಡ್ರೈವ್ ಎರವಲು ತಂದು ಇನ್‌ಸ್ಟಾಲ್ ಮಾಡಿದೆ. ಡಬಲ್ ಕ್ಲಿಕ್ ಮಾಡಿದೆ. ಏನೂ ಆಗಲಿಲ್ಲ. ಒಂದು ಎರರ್ ಮೆಸೇಜಿನ ಮರ್ಯಾದೆಯೂ ಇಲ್ಲ. ಅದೇ ರಟ್ಟಿನ ಡಬ್ಬದಲ್ಲಿ ಸೈಬರ್ ಸೆಂಟರಿನ ಸಿಡಿಯೂ ಇತ್ತು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಅರ್ಧ ಅಳಿಸಿಹೋಗಿತ್ತು. ಹಾಕಿ ನೋಡಿದೆ. ಓಡಿತು!

ದುಡ್ಡು ಕೊಟ್ಟದ್ದು ಓಡಲಿಲ್ಲ, ಕದ್ದದ್ದು ಓಡಿತು. ಎಂಟು ವರ್ಷದ ಹುಡುಗ ಅದನ್ನು ನೋಡಿ ಕೇಳಿದ: "ಹಾಗಾದ್ರೆ ಒರಿಜಿನಲ್ ಯಾಕೆ ತಗೋಬೇಕು ಮಾಮ?"

ಉತ್ತರ ತಕ್ಷಣ ಹೊಳೆಯಲಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಗಿ ಬಂತು.

ಆಟಗಳಿಗೆ ಬೀಗ ಹಾಕುವುದು ಹೊಸದೇನಲ್ಲ, ಮೊದಮೊದಲು ಅದರಲ್ಲೂ ಒಂದು ತಮಾಷೆ ಇತ್ತು. ಪ್ರಿನ್ಸ್ ಆಫ್ ಪರ್ಷಿಯಾ ನಿಮಗೆಲ್ಲ ಗೊತ್ತು. ಅದರ ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಮೇಲೆ ಒಂದು ಕೋಣೆ, ತುಂಬ ಔಷಧದ ಸೀಸೆಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಆಟದ ಜೊತೆ ಬಂದ ಪುಸ್ತಕದ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ಪುಸ್ತಕ ಇಲ್ಲದವನಿಗೆ ಮುಂದೆ ದಾರಿ ಇಲ್ಲ. 1990ರ ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್ ಜೊತೆ ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರ ಕೊಡುತ್ತಿದ್ದರು. ಕಡಲ್ಗಳ್ಳರ ಅರ್ಧರ್ಧ ಮುಖ ಜೋಡಿಸಿದರೆ ಕಿಂಡಿಯಲ್ಲಿ ಇಸವಿ ಕಾಣುತ್ತದೆ, ಅದನ್ನು ಟೈಪ್ ಮಾಡಬೇಕು. ಕಳ್ಳರನ್ನು ತಡೆಯಲು ಕಡಲ್ಗಳ್ಳರದೇ ಕಾವಲು :-) ಈ ಬೀಗಗಳಿಗೆ ಜೆರಾಕ್ಸ್ ಅಂಗಡಿ ಸಾಕಿತ್ತು ನಿಜ. ಆದರೆ ಅವುಗಳಲ್ಲೊಂದು ದೊಡ್ಡ ಗುಣವಿತ್ತು. ಆ ಚಕ್ರ ನಿಮ್ಮ ಬಳಿ ಇದ್ದರೆ ಇವತ್ತಿಗೂ ಕೆಲಸ ಮಾಡುತ್ತದೆ.

ಸಿಡಿ ಬಂದ ಮೇಲೆ ಬೀಗ ಕಣ್ಣಿಗೆ ಕಾಣದಂತಾಯಿತು. ಸೇಫ್‌ಡಿಸ್ಕ್ ಅಂತ ಒಂದು ತಂತ್ರ ಬಹಳ ಆಟಗಳಲ್ಲಿತ್ತು. ಫ್ಯಾಕ್ಟರಿಯಲ್ಲಿ ಡಿಸ್ಕ್ ಒತ್ತುವಾಗಲೇ ಕೆಲವು ಸೆಕ್ಟರುಗಳನ್ನು ಬೇಕಂತಲೇ ಓದಲು ಬಾರದ ಹಾಗೆ ಕೆಡಿಸಿಡುವುದು. ಮನೆಯ ಸಿಡಿ ರೈಟರಿಗೆ ಒಳ್ಳೆಯದನ್ನು ನಕಲು ಮಾಡಲು ಬರುತ್ತದೆ, ಕೆಟ್ಟದ್ದನ್ನು ಕೆಟ್ಟ ಹಾಗೇ ನಕಲು ಮಾಡುವುದು ಕಷ್ಟ. ಆಟ ಶುರುವಾಗುವಾಗ ಆ ಕೆಟ್ಟ ಜಾಗವನ್ನು ಹುಡುಕುತ್ತದೆ. ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಯೋಚನೆಯೇನೋ ಚೆನ್ನಾಗಿದೆ. ಆದರೆ ಈ ತಪಾಸಣೆಗೆ ಒಂದು ಡ್ರೈವರ್ ಬೇಕು, ಅದು ಕೂರುವುದು ವಿಂಡೋಸ್‌ನ ಗರ್ಭಗುಡಿಯಲ್ಲಿ, ಅಂದರೆ ಕರ್ನಲ್‌ನಲ್ಲಿ. ಅಲ್ಲಿ ಕೂತವರಿಗೆ ಇಡೀ ಮೆಷಿನ್ನಿನ ಮೇಲೆ ಅಧಿಕಾರ. ಅಲ್ಲೊಂದು ತೂತು ಬಿದ್ದರೆ ಯಾರು ಬೇಕಾದರೂ ಒಳಗೆ ನುಗ್ಗಬಹುದು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಆ ಡ್ರೈವರನ್ನು ಸೇರಿಸಲೇ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ಒಂದು ಸೆಕ್ಯುರಿಟಿ ಅಪ್‌ಡೇಟ್ ಕಳಿಸಿ ಹಿಂದಿನ ವಿಂಡೋಸ್‌ಗಳಲ್ಲೂ ಅದರ ಬಾಯಿ ಮುಚ್ಚಿಸಿತು. ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೆ ಎಷ್ಟೋ ಜನರು ದುಡ್ಡು ಕೊಟ್ಟು ಕೊಂಡ ಡಿಸ್ಕುಗಳು ಟೀ ಲೋಟದ ಕೆಳಗಿಡಲು ಮಾತ್ರ ಲಾಯಕ್ಕಾದವು. ಕದ್ದ ಪ್ರತಿಯಲ್ಲಿ ಆ ತಪಾಸಣೆಯನ್ನೇ ಕಿತ್ತು ಹಾಕಿದ್ದರಲ್ಲ, ಅವುಗಳಿಗೆ ಏನೂ ಆಗಲಿಲ್ಲ.

ಇನ್ನೊಂದು ವಿಷಯ. ಕೊಂಡ ಪ್ರೋಗ್ರಾಮು ಹಾಳಾದರೆ ಇರಲಿ ಅಂತ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನೇ ಅವಕಾಶ ಕೊಡುತ್ತದೆ. ಡಿಸ್ಕಿನ ಬೀಗ ತಡೆಯುತ್ತಿದ್ದದ್ದು ಅದನ್ನೂ ಕೂಡ. ಕಾನೂನು ಕೊಟ್ಟದ್ದನ್ನು ಡ್ರೈವರ್ ಕಿತ್ತುಕೊಂಡಿತು!

ಹೋಗಲಿ, ಇಷ್ಟೆಲ್ಲ ಮಾಡಿ ಕಳ್ಳರನ್ನಾದರೂ ತಡೆದರೇ? 2008ರ ಸ್ಪೋರ್ ಆಟ ನೋಡಿ. ಮೂರು ಕಂಪ್ಯೂಟರಿನಲ್ಲಿ ಮಾತ್ರ ಆಕ್ಟಿವೇಟ್ ಮಾಡಬಹುದು ಅಂತ ಕಟ್ಟಳೆ ಹಾಕಿದ್ದರು. ಕೊಂಡವರು ರೊಚ್ಚಿಗೆದ್ದು ಅಮೆಜಾನ್‌ನಲ್ಲಿ ಸಾವಿರಗಟ್ಟಲೆ ಒಂದು ನಕ್ಷತ್ರದ ವಿಮರ್ಶೆ ಬರೆದರು. ಕಂಪನಿ ಮೂರನ್ನು ಐದು ಮಾಡಿತು. ಇತ್ತ ಆಟ ಬಿಡುಗಡೆಗೆ ಮುಂಚೆಯೇ ಟೊರೆಂಟಿನಲ್ಲಿತ್ತು, ಟೊರೆಂಟ್‌ಫ್ರೀಕ್ ಲೆಕ್ಕದಂತೆ ಆ ವರ್ಷ ಅತಿ ಹೆಚ್ಚು ಕದ್ದ ಆಟ ಅದೇ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವರ ಜೊತೆ ಎಷ್ಟು ದಿನ ಆಡ್ತೀರಿ?

ನನಗೆ ಬಹಳ ನಗು ಬರಿಸಿದ್ದು ಇದು. 2008ರಲ್ಲಿ ರೈನ್‌ಬೋ ಸಿಕ್ಸ್ ವೇಗಸ್ 2 ಆಟವನ್ನು ಡೌನ್‌ಲೋಡ್ ಮಾಡಿಕೊಂಡವರಿಗೆ ಒಂದು ತೊಂದರೆ ಆಯಿತು. ಹೊಸ ಅಪ್‌ಡೇಟ್ ಹಾಕಿದ ಮೇಲೆ ಆಟ ಡಿಸ್ಕ್ ಕೇಳುತ್ತಿತ್ತು. ಡೌನ್‌ಲೋಡ್ ಮಾಡಿದವರ ಹತ್ತಿರ ಡಿಸ್ಕ್ ಎಲ್ಲಿಂದ ಬರಬೇಕು? ಆಗ ಯೂಬಿಸಾಫ್ಟ್ ಕಡೆಯಿಂದ ಅಧಿಕೃತವಾಗಿ ಬಂದ ಪರಿಹಾರದ ಫೈಲನ್ನು ಬಿಚ್ಚಿ ನೋಡಿದರೆ ಒಳಗೆ ರಿಲೋಡೆಡ್ ಎಂಬ ಕ್ರ್ಯಾಕರ್ ಗುಂಪಿನ ಸಹಿ! ಯಾರಿಂದ ಕಾಪಾಡಿಕೊಳ್ಳಲು ಬೀಗ ಹಾಕಿದ್ದರೋ, ಬೀಗ ತೆಗೆಯಲು ಅವರದೇ ಕೀಲಿ. 2010ರಲ್ಲಿ ಸ್ಟೀಮ್‌ನಲ್ಲಿ ಮಾರುತ್ತಿದ್ದ ಮ್ಯಾಕ್ಸ್ ಪೇನ್ 2 ಆಟದಲ್ಲೂ ಹೀಗೇ ಇನ್ನೊಂದು ಗುಂಪಿನ ಗುರುತು ಸಿಕ್ಕಿತ್ತು.

ಆಮೇಲೆ ಬೀಗವನ್ನು ಇಂಟರ್ನೆಟ್ಟಿನ ಆಚೆ ತುದಿಗೆ ಒಯ್ದರು. 2010ರ ಮಾರ್ಚಿನಲ್ಲಿ ಪಿಸಿಗೆ ಬಂದ ಅಸಾಸಿನ್ಸ್ ಕ್ರೀಡ್ 2 ಒಬ್ಬರೇ ಕೂತು ಆಡುವ ಆಟ. ಆದರೂ ಆಡುವಷ್ಟು ಹೊತ್ತೂ ನೆಟ್ ಇರಲೇಬೇಕು. ಆಗಿನ ನಮ್ಮೂರಿನ ಬ್ರಾಡ್‌ಬ್ಯಾಂಡ್ ನೆನೆಸಿಕೊಳ್ಳಿ, ಮಳೆ ಹನಿ ಬಿದ್ದರೆ ಸಾಕು! ನಮ್ಮೂರು ಹಾಗಿರಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಯಾರೋ ಕಂಪನಿಯ ಸರ್ವರುಗಳ ಮೇಲೇ ದಾಳಿ ಮಾಡಿದರು. ದುಡ್ಡು ಕೊಟ್ಟವರಲ್ಲಿ ಹಲವರು ಭಾನುವಾರವಿಡೀ ಸ್ಕ್ರೀನ್ ನೋಡುತ್ತ ಕೂತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. 2012ರ ಹೊತ್ತಿಗೆ ಕಂಪನಿಯೇ ಆ ಕಟ್ಟಳೆ ಕೈಬಿಟ್ಟೆವು ಅಂದಿತು.

ಕೊನೆಗೆ ಎಲ್ಲಿಗೆ ಬಂತು ಅಂದರೆ, 2014ರಲ್ಲಿ ಬಿಡುಗಡೆಯಾದ ದಿ ಕ್ರೂ ಆಟದ ಸರ್ವರುಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಅಲ್ಲಿಗೆ ಒಬ್ಬರೇ ಆಡುವ ಭಾಗವೂ ಸತ್ತಿತು. ಕೊಂಡವರ ಖಾತೆಯಿಂದ ಲೈಸೆನ್ಸನ್ನೂ ತೆಗೆದರು. ಇದರಿಂದ ಎದ್ದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿಯ ಯುರೋಪಿನ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ. ಹೀಗೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕು ಮಾರುವಾಗ, ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಬೇಕು. ಮದುವೆಮನೆಗೆ ಬಾಡಿಗೆಗೆ ತಂದ ಪಾತ್ರೆ ಅಂತ ಮೊದಲೇ ಹೇಳಿದರೆ ಯಾರೂ ಅದರ ಮೇಲೆ ಹೆಸರು ಕೆತ್ತಿಸುವುದಿಲ್ಲ ನೋಡಿ.

ಇಷ್ಟು ಓದಿ "ಹಾಗಾದ್ರೆ ಪೈರಸಿ ಸರಿ ಅಂತೀಯಾ?" ಅಂತ ಕೇಳಬೇಡಿ. ಖಂಡಿತ ಇಲ್ಲ. ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯುವವನು. 2013ರಲ್ಲಿ ಇಬ್ಬರು ಅಣ್ಣತಮ್ಮಂದಿರ ಪುಟ್ಟ ಕಂಪನಿ ಗೇಮ್ ಡೆವ್ ಟೈಕೂನ್ ಅಂತ ಒಂದು ಆಟ ಮಾಡಿತು. ಗೇಮ್ ಕಂಪನಿ ನಡೆಸುವುದೇ ಆಟ. ಅವರು ತಾವಾಗಿಯೇ ಒಂದು ನಕಲಿ ಪ್ರತಿಯನ್ನು ಟೊರೆಂಟಿಗೆ ಬಿಟ್ಟರು. ಅದರಲ್ಲಿ ಸ್ವಲ್ಪ ಹೊತ್ತು ಆಡಿದ ಮೇಲೆ ನಿಮ್ಮ ಕಂಪನಿಯ ಆಟಗಳನ್ನು ಜನ ಕದಿಯಲು ಶುರು ಮಾಡಿ ನೀವು ದಿವಾಳಿ ಆಗುತ್ತೀರಿ. ಕದ್ದವರೇ ಬಂದು "ಈ ಪೈರಸಿ ತಡೆಯೋದು ಹೇಗೆ?" ಅಂತ ಗೋಳಾಡಿದರು! ಮೊದಲ ದಿನ ಆಡಿದ 3,318 ಜನರಲ್ಲಿ ದುಡ್ಡು ಕೊಟ್ಟವರು 214. ಇದನ್ನು ಓದಿ ನಕ್ಕೆ, ಆಮೇಲೆ ನಮ್ಮ ಸೈಬರ್ ಸೆಂಟರಿನ ಸಿಡಿ ನೆನಪಾಗಿ ನಗು ನಿಂತಿತು. ಉಳಿದ 3,104 ಜನರಲ್ಲಿ ನಾನೂ ಒಬ್ಬನಾಗಬಹುದಿತ್ತು.

ಬೀಗದಿಂದ ಉಪಯೋಗವೇ ಇಲ್ಲ ಅನ್ನುವುದೂ ಸುಳ್ಳು. ಈಗ ದೊಡ್ಡ ಆಟಗಳಲ್ಲಿ ಡೆನುವೊ ಅಂತ ಒಂದು ಬೀಗ ಇರುತ್ತದೆ. 2024ರಲ್ಲಿ ಎಂಟರ್‌ಟೈನ್‌ಮೆಂಟ್ ಕಂಪ್ಯೂಟಿಂಗ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಬಿಡುಗಡೆಯಾದ ಮೊದಲ ವಾರದಲ್ಲೇ ಆ ಬೀಗ ಮುರಿದರೆ ಆಟದ ಒಟ್ಟು ಆದಾಯದಲ್ಲಿ ಸುಮಾರು ಶೇಕಡಾ 20 ಖೋತಾ. ಸಣ್ಣ ನಷ್ಟವಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. 12 ವಾರ ಕಳೆದ ಮೇಲೆ ಮುರಿದರೆ ನಷ್ಟ ಹೆಚ್ಚುಕಡಿಮೆ ಸೊನ್ನೆ.

ನನ್ನ ವಾದ ಇರುವುದು ಇಲ್ಲಿಯೇ. ಬೀಗ ಹಾಕಿ, ಬೇಡ ಅನ್ನಲ್ಲ. ಆದರೆ ಹಾಲಿನ ಪ್ಯಾಕೆಟ್ಟಿನ ಮೇಲಿರುವ ಹಾಗೆ ಬೀಗಕ್ಕೂ ಒಂದು ಕೊನೆಯ ದಿನಾಂಕ ಇರಲಿ. ವ್ಯಾಪಾರ ನಡೆಯುವ ಮೊದಲ ಕೆಲವು ತಿಂಗಳು ಇರಲಿ, ಆಮೇಲೆ ಒಂದು ಅಪ್‌ಡೇಟ್ ಬಿಟ್ಟು ತೆಗೆದುಬಿಡಿ. ಬೀಗ ಇಲ್ಲದ ಬಿಲ್ಡ್ ಡೆವಲಪರುಗಳ ಹತ್ತಿರ ಹೇಗೂ ಇರುತ್ತದೆ. 2011ರಲ್ಲಿ ದಿ ವಿಚರ್ 2 ಮಾಡಿದವರು ಡಬ್ಬಿಯಲ್ಲಿ ಮಾರಿದ ಪ್ರತಿಗಳ ಬೀಗವನ್ನು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅಪ್‌ಡೇಟ್ ಮೂಲಕ ತೆಗೆದರು. ಆಕಾಶವೇನೂ ಬೀಳಲಿಲ್ಲ.

ಆ ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಕಂಪನಿಯ ಕತೆ ಕನ್ನಡಿಗರಾದ ನಾವು ಕೇಳಬೇಕಾದ್ದು. 1994ರಲ್ಲಿ ಶುರುವಾದಾಗ ಅವರದು ಹೊರಗಿನ ಆಟ ತರಿಸಿ ಮಾರುವ ಅಂಗಡಿ. ಸುತ್ತ ಸಂತೆಯಲ್ಲಿ ಕದ್ದ ಸಿಡಿಗಳ ರಾಶಿ. ಅವರು ಬೀಗ ಬಿಗಿ ಮಾಡಲು ಹೋಗದೆ, 1999ರಲ್ಲಿ ಬಾಲ್ಡರ್ಸ್ ಗೇಟ್ ಆಟವನ್ನು ಪೂರ್ತಿ ಪೋಲಿಷ್ ಭಾಷೆಗೆ ತಂದು, ಡಬ್ಬಿಯಲ್ಲಿ ನಕ್ಷೆ, ಪುಸ್ತಕ ಎಲ್ಲ ಇಟ್ಟು ಮಾರಿದರು. ಕಳ್ಳಪ್ರತಿಯಲ್ಲಿ ಇಲ್ಲದ್ದು ಒರಿಜಿನಲ್‌ನಲ್ಲಿ ಇರಬೇಕು, ಅಷ್ಟೇ ಉಪಾಯ. ಅದೇ ಬಳಗ 2008ರಲ್ಲಿ ಶುರು ಮಾಡಿದ ಗಾಗ್ ಅಂಗಡಿ ಬೀಗವಿಲ್ಲದ ಆಟ ಮಾರುತ್ತಿದೆ. 2015ರ ದಿ ವಿಚರ್ 3 ಅಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಸಿಕ್ಕಿತು, ಎಲ್ಲ ಅಂಗಡಿ ಸೇರಿ 5 ಕೋಟಿ ಪ್ರತಿಗೂ ಮೇಲೆ ಹೋಯಿತು. ನಮ್ಮ ಕಡೆಯೂ ಅಷ್ಟೇ. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕಲು ಶುರು ಮಾಡಿದ ಮೇಲೆ ನನ್ನ ಕಾಲೇಜಿನ ಗೆಳೆಯರಲ್ಲಿ ಎಷ್ಟೋ ಜನ ಮೊದಲ ಸಲ ಆಟ ಕೊಂಡರು. ಅವರಿಗೆ ಇದ್ದಕ್ಕಿದ್ದಂತೆ ಪ್ರಾಮಾಣಿಕತೆ ಉಕ್ಕಿತು ಅಂತಲ್ಲ, ಕೊಳ್ಳುವುದು ಕದಿಯುವುದಕ್ಕಿಂತ ಸುಲಭ ಆಯಿತು.

ನಾವು ಬ್ಲಾಗಿಗರೂ ಕಮ್ಮಿಯೇನಲ್ಲ ಬಿಡಿ. ಬರಹ ಕದಿಯುತ್ತಾರೆ ಅಂತ ರೈಟ್ ಕ್ಲಿಕ್ ಬಂದ್ ಮಾಡುವ ಸ್ಕ್ರಿಪ್ಟ್ ಹಾಕಿಕೊಂಡವರು ನಮ್ಮಲ್ಲೂ ಇದ್ದಾರೆ. ನಾನೂ ಹಾಕಿದ್ದೆ! ಕದಿಯುವವನು ಪೇಜ್ ಸೋರ್ಸ್ ತೆಗೆದು ಆರಾಮಾಗಿ ಕದ್ದ. ಒಂದು ಪದದ ಅರ್ಥ ಹುಡುಕೋಣ ಅಂತ ಸೆಲೆಕ್ಟ್ ಮಾಡಲು ಹೋದ ಪಾಪದ ಓದುಗ ಮಾತ್ರ ಒದ್ದಾಡಿದ. ಈ ಲೇಖನ ಬರೆಯಲು ಕೂತಾಗ ಮೊದಲು ಮಾಡಿದ ಕೆಲಸ ಆ ಸ್ಕ್ರಿಪ್ಟ್ ತೆಗೆದದ್ದು.

ಇನ್ನು ಅಕ್ಕನ ಮಗನ ಪ್ರಶ್ನೆ. "ಮಾಡಿದವರಿಗೂ ಮನೆ ಮಠ ಇರುತ್ತೆ ಕಣೋ, ಅದಕ್ಕೆ ತಗೋಬೇಕು" ಅಂತ ಮಾವನ ಮಾತನ್ನೇ ಹೇಳಿದೆ. "ಹಾಗಾದ್ರೆ ಅವ್ರು ಯಾಕೆ ನಮಗೆ ಆಡೋಕೆ ಬಿಡಲ್ಲ?" ಅಂದ. ಅದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ, ಬೀಗ ಹಾಕಿದವರು.

ಒರಿಜಿನಲ್ ಡಬ್ಬಿಯನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಬೆಂಗಳೂರಿಗೆ ತಂದಿದ್ದೇನೆ. ಸೈಬರ್ ಸೆಂಟರಿನ ಸಿಡಿಯನ್ನೂ ಅದರೊಳಗೇ ಇಟ್ಟಿದ್ದೇನೆ. ಒಂದಕ್ಕೆ ಮಾವ ದುಡ್ಡು ಕೊಟ್ಟಿದ್ದಾರೆ, ಇನ್ನೊಂದು ಓಡುತ್ತದೆ. ಎರಡೂ ಸೇರಿದರೆ ಒಂದು ಆಟ.

ನಿಮ್ಮ ಅಟ್ಟದಲ್ಲೂ ಇಂಥದ್ದೇನಾದರೂ ಇದೆಯಾ? ಇದ್ದರೆ ಹೇಳಿ.