ರಾಯಲ್ಟಿ ಚಿಪ್‌ಗೋ, ಇಡೀ ಫೋನಿಗೋ?

2013ರಲ್ಲಿ ಎರಿಕ್ಸನ್ ಕಂಪನಿ ಮೈಕ್ರೋಮ್ಯಾಕ್ಸ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಕೇಸ್ ಹಾಕಿತು. ಫೋನ್ ನೆಟ್‌ವರ್ಕಿಗೆ ಸೇರಲು ಬೇಕೇ ಬೇಕಾದ ಪೇಟೆಂಟ್‌ಗಳು ನಮ್ಮವು, ರಾಯಲ್ಟಿ ಕಟ್ಟಿ ಅಂತ. ಕೇಳಿದ್ದು ತಪ್ಪಲ್ಲ. ನಾಳೆ ನಾವೇ ಏನಾದ್ರೂ ಕಂಡುಹಿಡಿದ್ರೆ ಬಿಟ್ಟಿ ಕೊಡ್ತೀವಾ?

ನಮ್ಮ ತಕರಾರು ಲೆಕ್ಕದ್ದು. ಅವರು ರಾಯಲ್ಟಿ ಕೇಳಿದ್ದು ಚಿಪ್ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ. ದರ ಶೇ. 1.25 ಅಂತಿಟ್ಕೊಳ್ಳಿ. ಒಂದೇ ಚಿಪ್ಪನ್ನು 6,000 ರೂಪಾಯಿಯ ಫೋನಿಗೆ ಹಾಕಿದರೆ 75 ರೂಪಾಯಿ, 20,000ದ ಫೋನಿಗೆ ಹಾಕಿದರೆ 250. ಹೆಚ್ಚಾಗಿದ್ದು ಕ್ಯಾಮೆರಾ, ಡಿಸ್‌ಪ್ಲೇ. ಅದಕ್ಕೂ ಈ ಪೇಟೆಂಟಿಗೂ ಏನು ಸಂಬಂಧ? ನೆಟ್‌ವರ್ಕೇ ಇಲ್ಲದಿದ್ದರೆ ಆ ಫೋನಿಗೆ ಬೆಲೆ ಎಲ್ಲಿದೆ ಅಂತ ಪೇಟೆಂಟ್ ಇರುವವರು ಕೇಳ್ತಾರೆ. (ನಮ್ಮ ಹಾಸ್ಟೆಲ್‌ನವರಿಗೆ ಈ ವಾದ ಚೆನ್ನಾಗೇ ಅರ್ಥ ಆಗುತ್ತೆ!) ಆದರೂ ಬ್ಯಾಟರಿ ಇಲ್ಲದಿದ್ರೂ ಫೋನ್ ನಡೆಯಲ್ಲ, ಬ್ಯಾಟರಿಯವರು ಪರ್ಸೆಂಟೇಜ್ ಕೇಳ್ತಾರಾ?

ಚಿಪ್ ಹಂತದಲ್ಲಿ ಲೈಸೆನ್ಸ್ ಕೊಡೋಕಾಗಲ್ಲ ಅನ್ನೋದನ್ನೂ ನಾವು ಒಪ್ಪಲ್ಲ. 2014ರ ಡಿಸೆಂಬರ್‌ನಲ್ಲಿ ಇದೇ ಕೋರ್ಟ್ ಶಿಯೋಮಿ ಫೋನ್‌ಗಳ ಮಾರಾಟ ತಡೆದು, ಕೆಲವೇ ದಿನಗಳಲ್ಲಿ ಕ್ವಾಲ್ಕಾಮ್ ಚಿಪ್ ಇರುವ ಫೋನ್‌ಗಳಿಗೆ ಮಾತ್ರ ತಾತ್ಕಾಲಿಕ ಅನುಮತಿ ಕೊಟ್ಟಿತು. ಕ್ವಾಲ್ಕಾಮ್‌ಗೆ ಎರಿಕ್ಸನ್ ಲೈಸೆನ್ಸ್ ಇದೆ ಅನ್ನೋದೇ ಶಿಯೋಮಿಯ ವಾದವಾಗಿತ್ತು.

ಇಂಥ ಪೇಟೆಂಟ್‌ಗಳನ್ನು ನ್ಯಾಯವಾದ ದರಕ್ಕೆ, ತಾರತಮ್ಯ ಮಾಡದೆ ಕೊಡ್ತೀವಿ ಅಂತ ಕಂಪನಿಗಳು ಮೊದಲೇ ಮಾತು ಕೊಟ್ಟಿರ್ತಾವೆ. ಆದರೆ ಯಾರಿಗೆ ಎಷ್ಟು ಅನ್ನೋದು ಗುಟ್ಟಿನ ಒಪ್ಪಂದದಲ್ಲಿರುತ್ತೆ. ಸ್ಪರ್ಧಾ ಆಯೋಗ 2013ರಲ್ಲೇ ತನಿಖೆಗೆ ಆದೇಶಿಸಿತ್ತು. ಇದು ಪೇಟೆಂಟ್ ಕಾಯ್ದೆಯ ವಿಷಯ, ನಿಮ್ಮದಲ್ಲ ಎಂದು 2023ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾದ್ರೆ ಪೇಟೆಂಟ್ ಕಾಯ್ದೆಯಲ್ಲೇ ಬರೀಲಿ: ಲೆಕ್ಕ ಚಿಪ್ ಮೇಲೆ, ದರ ಎಲ್ಲರಿಗೂ ಕಾಣೋ ಹಾಗೆ.