ಸಣ್ಣ ಊರಿನ ದೊಡ್ಡ ಮೇಷ್ಟ್ರು

ತಾಲ್ಲೂಕು ಕೇಂದ್ರಗಳ ಹೈಸ್ಕೂಲುಗಳಲ್ಲಿ ‘ಗುರುವಂದನೆ’ ಈಗೊಂದು ಹೊಸ ಹಬ್ಬ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿ ದಿಕ್ಕಿಗೊಬ್ಬರಂತೆ ಚದುರಿಹೋದವರು ಒಂದು ಭಾನುವಾರ ಹಳೆಯ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತಾರೆ. ನಿವೃತ್ತ ಮೇಷ್ಟ್ರುಗಳನ್ನು ಕರೆತಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆ ನಮಸ್ಕರಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಲ್ಲುತ್ತಾರೆ. ಅವರ ಮಾತನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಗೊತ್ತಾಗುತ್ತದೆ: ಪಾಠದ ಬಗ್ಗೆ ಮಾತನಾಡುವವರು ತೀರಾ ಕಡಿಮೆ.

ವೃತ್ತದ ಪ್ರಮೇಯಗಳೆಲ್ಲ ಮರೆತುಹೋಗಿವೆ. ಆದರೆ ಕೈವಾರವಿಲ್ಲದೆ ಒಂದೇ ಬೀಸಿಗೆ ಬೋರ್ಡಿನ ಮೇಲೆ ದುಂಡಗೆ ವೃತ್ತ ಎಳೆಯುತ್ತಿದ್ದ ಗಣಿತದ ಮೇಷ್ಟ್ರ ಕೈ ನೆನಪಿದೆ. ಹಳಗನ್ನಡ ಪದ್ಯದ ಅರ್ಥ ಈಗ ಯಾರೂ ಹೇಳಲಾರರು. ಆದರೆ ಅದನ್ನು ರಾಗವಾಗಿ ಓದುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕನ್ನಡ ಪಂಡಿತರು ನೆನಪಿದ್ದಾರೆ. ಮಳೆಗಾಲದಲ್ಲಿ ತೋಯ್ದು ಬಂದ ಹುಡುಗಿಗೆ ಸ್ಟಾಫ್ ರೂಮಿನಲ್ಲಿ ಬಿಸಿ ಚಹಾ ಕೊಟ್ಟ ವಿಜ್ಞಾನದ ಮೇಡಂ, ಸೋತ ಕಬಡ್ಡಿ ತಂಡಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಜೇಬಿನಿಂದ ಮಂಡಕ್ಕಿ ಕೊಡಿಸಿದ ಪಿ.ಟಿ. ಮೇಷ್ಟ್ರು, ಹೆಸರು ಕೂಗುವಾಗ ಮನೆಯ ಕ್ಷೇಮವನ್ನೂ ವಿಚಾರಿಸುತ್ತಿದ್ದ ತರಗತಿ ಶಿಕ್ಷಕರು... ಹೀಗೆ ಪಟ್ಟಿ ಬೆಳೆಯುತ್ತದೆ. ಅಡ್ಡಹೆಸರುಗಳಂತೂ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಹಸ್ತಾಂತರವಾಗಿರುತ್ತವೆ. ಅಣ್ಣ ಇಟ್ಟ ಹೆಸರನ್ನೇ ತಮ್ಮನೂ ಬಳಸಿರುತ್ತಾನೆ. ಮೇಷ್ಟ್ರಿಗೂ ಅದು ಗೊತ್ತಿರುತ್ತದೆ. ಗೊತ್ತಿಲ್ಲದವರಂತೆ ಇರುವುದೇ ಅವರ ದೊಡ್ಡತನ.

ಹಳೇ ಮೈಸೂರಿನ ಕಡೆ ‘ಮೇಷ್ಟ್ರು’, ಉತ್ತರ ಕರ್ನಾಟಕದಲ್ಲಿ ‘ಮಾಸ್ತರು’, ‘ಅಕ್ಕೋರು’. ಹೆಸರು ಬೇರೆಯಾದರೂ ಅಕ್ಕರೆ ಒಂದೇ. ಸಣ್ಣ ಊರಿನಲ್ಲಿ ಈ ಅಕ್ಕರೆ ಬೆಳೆಯುವುದಕ್ಕೆ ಕಾರಣವೂ ಇದೆ. ಅಲ್ಲಿ ಮೇಷ್ಟ್ರು ಶಾಲೆಯ ಗೇಟಿನೊಳಗೆ ಮುಗಿದುಹೋಗುವುದಿಲ್ಲ. ಅದೇ ಕಿರಾಣಿ ಅಂಗಡಿಯಲ್ಲಿ ಬೇಳೆ ಕಟ್ಟಿಸುತ್ತಾರೆ, ಅದೇ ಗಿರಣಿಯಲ್ಲಿ ಹಿಟ್ಟು ಹಾಕಿಸುತ್ತಾರೆ, ಸಂತೆಯ ದಿನ ಹುಡುಗನ ಅಪ್ಪನ ಎದುರಿಗೇ ಸಿಗುತ್ತಾರೆ. “ನಿಮ್ಮ ಹುಡುಗ ಮೂರು ದಿನದಿಂದ ಬಂದಿಲ್ಲವಲ್ಲ?” ಎಂಬ ಒಂದು ಪ್ರಶ್ನೆ ಸೊಪ್ಪಿನ ಅಂಗಡಿಯ ಮುಂದೆಯೇ ಇತ್ಯರ್ಥವಾಗುತ್ತದೆ. ನಗರದ ದೊಡ್ಡ ಶಾಲೆಗಳಲ್ಲಿ ಸರದಿಯಲ್ಲಿ ನಿಂತು ಐದು ನಿಮಿಷದಲ್ಲಿ ಮುಗಿಸುವ ಪೋಷಕರ ಸಭೆ, ಸಣ್ಣ ಊರಿನಲ್ಲಿ ವಾರವಿಡೀ ಬೀದಿಯಲ್ಲೇ ನಡೆಯುತ್ತಿರುತ್ತದೆ.

ಇಂಥ ಮೇಷ್ಟ್ರುಗಳು ಒಬ್ಬ ಹುಡುಗನನ್ನು ಎಲ್ಲಿಗೆ ಮುಟ್ಟಿಸಬಲ್ಲರು ಎಂಬುದಕ್ಕೆ ತಮಿಳುನಾಡಿನ ರಾಮೇಶ್ವರದಲ್ಲಿ 1931ರ ಅಕ್ಟೋಬರ್ 15ರಂದು ಹುಟ್ಟಿದ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಬಾಲ್ಯವೇ ಸಾಕ್ಷಿ. 1999ರಲ್ಲಿ ಪ್ರಕಟವಾದ ‘ವಿಂಗ್ಸ್ ಆಫ್ ಫೈರ್’ ಆತ್ಮಕಥೆಯಲ್ಲಿ ಅವರು ತಮ್ಮ ಶಿಕ್ಷಕರನ್ನು ಹೆಸರು ಹಿಡಿದು ನೆನೆದಿದ್ದಾರೆ. ರಾಮೇಶ್ವರದ ಶಾಲೆಯ ವಿಜ್ಞಾನ ಶಿಕ್ಷಕ ಶಿವಸುಬ್ರಮಣ್ಯ ಅಯ್ಯರ್ ಸಂಪ್ರದಾಯಸ್ಥ ಬ್ರಾಹ್ಮಣರು. ಅವರು ಈ ಮುಸ್ಲಿಂ ಹುಡುಗನನ್ನು ಮನೆಗೆ ಊಟಕ್ಕೆ ಕರೆದರು. ಮಡಿಯ ಅಡುಗೆ ಮನೆಯಲ್ಲಿ ಬಡಿಸಲು ಮನೆಯಾಕೆ ಒಪ್ಪಲಿಲ್ಲ. ಮೇಷ್ಟ್ರು ಸಿಟ್ಟಾಗಲಿಲ್ಲ, ತಾವೇ ಬಡಿಸಿ, ಹುಡುಗನ ಪಕ್ಕದಲ್ಲಿ ಕೂತು ಉಂಡರು. ಹೊರಡುವಾಗ ಮುಂದಿನ ವಾರವೂ ಬರಬೇಕೆಂದರು. ಎರಡನೆಯ ಸಲ ಆ ತಾಯಿಯೇ ಒಳಗೆ ಕರೆದು ತಮ್ಮ ಕೈಯಾರೆ ಬಡಿಸಿದರು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪಾಠವಿದು. ಇದನ್ನು ಕಲಿತವನು ಹುಡುಗನೊಬ್ಬನೇ ಅಲ್ಲ.

ಹೈಸ್ಕೂಲಿಗೆ ಕಲಾಂ ರಾಮನಾಥಪುರದ ಶ್ವಾರ್ಟ್ಜ್ ಹೈಸ್ಕೂಲಿಗೆ ಹೋದರು. ಮನೆ ಬಿಟ್ಟು ಬಂದ ಹುಡುಗನಿಗೆ ಊರಿನ ಹಂಬಲ. ಅಲ್ಲಿನ ಶಿಕ್ಷಕ ಇಯಾದುರೈ ಸಾಲೋಮನ್ ಅವನಲ್ಲಿ ಧೈರ್ಯ ತುಂಬಿದರು. ಏನನ್ನಾದರೂ ಪಡೆಯಬೇಕಾದರೆ ಅದನ್ನು ತೀವ್ರವಾಗಿ ಬಯಸಬೇಕು, ಸಿಕ್ಕೇ ಸಿಗುತ್ತದೆಂದು ನಂಬಬೇಕು, ಅದನ್ನೇ ಎದುರು ನೋಡಬೇಕು ಎಂಬುದು ಅವರ ಬೋಧೆ. ದೋಣಿ ನಡೆಸುವ ಕುಟುಂಬದ ಹುಡುಗ ಮುಂದೆ ರಾಕೆಟ್ ವಿಜ್ಞಾನಿಯಾಗಿ, 2002ರಿಂದ 2007ರವರೆಗೆ ರಾಷ್ಟ್ರಪತಿಯಾದರು. ಅಲ್ಲಿಂದ ಹೊರಬಂದ ಮೇಲೆ ಆರಿಸಿಕೊಂಡದ್ದು ಮತ್ತೆ ಮೇಷ್ಟ್ರ ಕೆಲಸವನ್ನೇ. 2015ರ ಜುಲೈ 27ರಂದು ಷಿಲ್ಲಾಂಗ್‌ನಲ್ಲಿ ಅವರು ಕುಸಿದದ್ದೂ ವಿದ್ಯಾರ್ಥಿಗಳೆದುರು ಉಪನ್ಯಾಸ ಕೊಡುತ್ತಿರುವಾಗಲೇ.

ಕನ್ನಡ ನಾಡಿನಲ್ಲೂ ಇಂಥ ಉದಾಹರಣೆಗೆ ಬರವಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡವರ ಮನೆಯ ಹುಡುಗ. ಬಸ್ಸಿಗೆ ದುಡ್ಡಿಲ್ಲದೆ, ಹೈಸ್ಕೂಲು ಸೇರಲು ಸುಮಾರು 80 ಕಿಲೋಮೀಟರ್ ದೂರದ ಬೆಂಗಳೂರಿಗೆ ನಡೆದೇ ಬಂದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವರನ್ನು ಸೇರಿಸಿಕೊಂಡಿತು. ಮುಂದೆ ಅವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಬಾಳಿನುದ್ದಕ್ಕೂ ವಿದ್ಯಾರ್ಥಿಗಳ ನಡುವೆ, ಹಾಸ್ಟೆಲಿನ ಕೋಣೆಯಲ್ಲೇ ಉಳಿದರು. ಓದಿಸಿದವರ ಋಣವನ್ನು ಓದಿಸಿಯೇ ತೀರಿಸಿದ ಜೀವ ಅದು.

ಅಕ್ಕರೆಯ ಈ ನೆನಪುಗಳ ನಡುವೆ ಒಂದು ಕಹಿ ಸತ್ಯವನ್ನೂ ಮರೆಯುವಂತಿಲ್ಲ. “ನಮ್ಮ ಮೇಷ್ಟ್ರು ಬಾರಿಸಿದ್ದಕ್ಕೇ ನಾನು ಮನುಷ್ಯನಾದೆ” ಎಂಬ ಮಾತಿಗೆ ಗುರುವಂದನೆಯ ಸಭೆಗಳಲ್ಲಿ ಭಾರಿ ಚಪ್ಪಾಳೆ ಬೀಳುತ್ತದೆ. ಆದರೆ ಆ ಸಭೆಗೆ ಬಾರದವರೂ ಇರುತ್ತಾರೆ. ಬೆತ್ತಕ್ಕೆ ಹೆದರಿ ಒಂಬತ್ತನೇ ತರಗತಿಯಲ್ಲೇ ಚೀಲ ಬಿಸಾಡಿದವರು, ಜಾತಿಯ ಹೆಸರಿನಲ್ಲೋ ಬಡತನದ ಹೆಸರಿನಲ್ಲೋ ಎಲ್ಲರೆದುರು ಅವಮಾನಕ್ಕೆ ಗುರಿಯಾದವರು ಮೈಕಿನ ಮುಂದೆ ನಿಲ್ಲುವುದಿಲ್ಲ. ದಾಟಿಬಂದವರಿಗೆ ಪೆಟ್ಟು ತಮಾಷೆಯ ಕಥೆ. ಮುಳುಗಿದವರ ಕಥೆ ಯಾರಿಗೂ ಕೇಳಿಸುವುದಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. “ಎರಡು ಬಿಗಿಯಿರಿ ಸಾರ್, ನಾವೇನೂ ಅನ್ನೋದಿಲ್ಲ” ಎನ್ನುವ ತಂದೆ ತಾಯಿಗಳು ಇದನ್ನು ತಿಳಿದಿರಬೇಕು. ಹಳೆಯ ವಿದ್ಯಾರ್ಥಿಗಳು ಅಷ್ಟು ಪ್ರೀತಿಯಿಂದ ನೆನೆಯುವುದನ್ನೆಲ್ಲ ಸೋಸಿ ನೋಡಿದರೆ ತಳದಲ್ಲಿ ಉಳಿಯುವುದು ಬೆತ್ತವಲ್ಲ. ‘ನನ್ನನ್ನೂ ಒಬ್ಬರು ಗಮನಿಸುತ್ತಿದ್ದರು’ ಎಂಬ ಭಾವನೆ.

ಈ ಗಮನದ ಬೆಲೆ ಗೊತ್ತಾಗುವುದು ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ. ಮಗಳನ್ನು ಕಾಲೇಜಿಗೆ ಕಳಿಸುವುದೋ, ಗಂಡು ನೋಡುವುದೋ. ಮಗನನ್ನು ಓದಿಸುವುದೋ, ಗ್ಯಾರೇಜಿಗೆ ಬಿಡುವುದೋ ಎಂದು ಮನೆಯಲ್ಲಿ ಮಾತು ನಡೆಯುವ ಹೊತ್ತು ಅದು. ಆಗ ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, “ಇವಳನ್ನು ನಿಲ್ಲಿಸಬೇಡಿ, ಅರ್ಜಿ ನಾನು ತುಂಬಿಸ್ತೀನಿ” ಎನ್ನುವ ಒಬ್ಬ ಮೇಷ್ಟ್ರೋ ಮೇಡಮ್ಮೋ ಇದ್ದರೆ ಒಂದು ಜೀವನದ ದಿಕ್ಕೇ ಬದಲಾಗುತ್ತದೆ. ಆ ಮಾತಿಗೆ ತೂಕ ಬರುವುದು ಪದವಿಯಿಂದಲ್ಲ; ಎಷ್ಟೋ ವರ್ಷ ಅದೇ ಬೀದಿಯಲ್ಲಿ ಬಾಳಿದ ನಂಬಿಕೆಯಿಂದ. ದಿನ ಬೆಳಗಾದರೆ ದೂರದ ನಗರದಿಂದ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೇ ಓಡುವ ಶಿಕ್ಷಕರಿಗೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಈ ನಂಬಿಕೆ ಗಳಿಸುವುದು ಕಷ್ಟ.

ಹಾಗಾದರೆ ಪಾಲಕರು ಮಾಡಬೇಕಾದ್ದೇನು? ಅಂಕಪಟ್ಟಿ ಬಂದಾಗ ಮಾತ್ರ ಶಾಲೆಯ ಮೆಟ್ಟಿಲು ಹತ್ತುವ ಅಭ್ಯಾಸ ಬಿಡಬೇಕು. ದೂರು ಇಲ್ಲದ ದಿನವೂ ಒಮ್ಮೆ ಹೋಗಿ ಮಾತನಾಡಿಸಿ ಬರಬೇಕು. ಮಕ್ಕಳೆದುರು ಮೇಷ್ಟ್ರನ್ನು ಹಗುರವಾಗಿ ಆಡಿಕೊಳ್ಳಬಾರದು. ಹಾಗೆಂದು ಮಗು ಶಾಲೆಯಲ್ಲಿ ನೋವಾಯಿತೆಂದು ಹೇಳಿದರೆ ಗದರಿಸಿ ಬಾಯಿ ಮುಚ್ಚಿಸಲೂಬಾರದು. ಟ್ಯೂಷನ್ನಿಗೆ ಎಷ್ಟೇ ದುಡ್ಡು ಸುರಿದರೂ, ಹುಡುಗನ ಮುಖ ಬಾಡಿದ್ದನ್ನು ಕಂಡು “ಬೆಳಗ್ಗೆ ತಿಂಡಿ ತಿಂದೆಯೇನೋ?” ಎಂದು ಕೇಳುವವರು ದುಡ್ಡಿಗೆ ಸಿಗುವುದಿಲ್ಲ.

ವಿದ್ಯಾರ್ಥಿಗಳ ಪಾಲಿನ ಕೆಲಸ ಇನ್ನೂ ಸುಲಭ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5ನ್ನು 1962ರಿಂದ ಶಿಕ್ಷಕರ ದಿನವೆಂದು ಆಚರಿಸಲಾಗುತ್ತಿದೆ. ಅಂದು ಹೂವು, ಪೆನ್ನು ಕೊಡುವುದು ಚೆಂದವೇ. ಅದಕ್ಕಿಂತ ಚೆಂದದ್ದು, ಅರ್ಥವಾಗದ್ದನ್ನು ಹೆದರದೆ ಎದ್ದು ನಿಂತು ಕೇಳುವುದು. ಯಾವ ಮೇಷ್ಟ್ರಿಗೇ ಆಗಲಿ, ಇಡೀ ತರಗತಿಯ ಮೌನಕ್ಕಿಂತ ಒಂದು ಒಳ್ಳೆಯ ಪ್ರಶ್ನೆ ಹೆಚ್ಚು ಸಂತೋಷ ಕೊಡುತ್ತದೆ. ಕೃತಜ್ಞತೆ ಹೇಳುವುದಕ್ಕೆ ಇಪ್ಪತ್ತೈದು ವರ್ಷ ಕಾಯಬೇಕೆಂಬ ನಿಯಮವಂತೂ ಎಲ್ಲಿಯೂ ಇಲ್ಲ. ನಾಳೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೇಳಿದರೂ ನಡೆದೀತು.